ನಿಂತ ಗಾಡಿಯ ಲೆಕ್ಕ: ಸೇನೆಯ ಬಿಡಿಭಾಗದ ಸ್ಟೋರ್ ನಡೆಸಿದ ಅನುಭವ

ಒಂದು ತುಕಡಿಯ ಹತ್ತಿರ 50 ಗಾಡಿಗಳಿವೆ ಎಂದುಕೊಳ್ಳಿ. ಒಂದೊಂದೂ ಸರಾಸರಿ 60 ದಿನ ಓಡಿ ಒಮ್ಮೆ ಕೆಡುತ್ತದೆ. ಭಾಗ ಕೈಯಲ್ಲಿದ್ದರೆ ಮೆಕ್ಯಾನಿಕ್‌ಗೆ ಒಂದು ದಿನದ ಕೆಲಸ. ಆದರೆ ಆ ಭಾಗ ಬರಲು 14 ದಿನ ಬೇಕು. ಅಂದರೆ ಪ್ರತಿ 75 ದಿನಕ್ಕೆ 60 ದಿನ ಗಾಡಿ ಕೆಲಸಕ್ಕಿದೆ, ನೂರಕ್ಕೆ 80. ಯಾವ ದಿನ ಎಣಿಸಿದರೂ 50ರಲ್ಲಿ ಹತ್ತು ಗಾಡಿ ನಿಂತಿರುತ್ತವೆ.

ಇದನ್ನು ಸರಿಪಡಿಸಲು ಮೆಕ್ಯಾನಿಕ್‌ಗಳನ್ನು ಇಮ್ಮಡಿ ಮಾಡಿ, ರಿಪೇರಿ ಅರ್ಧ ದಿನಕ್ಕೆ ಇಳಿಯಲಿ. 60ನ್ನು 74.5ರಿಂದ ಭಾಗಿಸಿದರೆ ಬರುವುದು ನೂರಕ್ಕೆ 80.5. ಗಾಡಿಯ ಲೆಕ್ಕದಲ್ಲಿ ಏನೂ ಬದಲಾಗಲಿಲ್ಲ. ಅದರ ಬದಲು ಮೆಕ್ಯಾನಿಕ್‌ಗಳನ್ನು ಇದ್ದಷ್ಟೇ ಇಟ್ಟುಕೊಂಡು, ಭಾಗ ಬರುವುದನ್ನು 14 ದಿನದಿಂದ 4 ದಿನಕ್ಕೆ ಇಳಿಸಿ. 60ನ್ನು 65ರಿಂದ ಭಾಗಿಸಿದರೆ ನೂರಕ್ಕೆ 92. ಈಗ 46 ಗಾಡಿ ಸಿದ್ಧ. ಹೊಸ ಗಾಡಿ ಕೊಳ್ಳದೆ ಆರು ಗಾಡಿ ಸಿಕ್ಕವು. ಸ್ಟೋರ್ ಸರಿಯಾಗಿ ನಡೆಸುವುದೆಂದರೆ ಇದು.

ಸೇನೆಯ ವಾಹನ ವರ್ಕ್‌ಶಾಪಿನ ಬಿಡಿಭಾಗದ ಸ್ಟೋರಿನಲ್ಲಿ ದುಡಿದವನು ನಾನು. ಈಗ ಕೆಜಿಎಫ್ ಕಡೆ ಬಿಡಿಭಾಗ ಸರಬರಾಜು ಮಾಡುವ ಸಣ್ಣ ಘಟಕವೊಂದರ ಸ್ಟೋರ್ ನೋಡಿಕೊಳ್ಳುತ್ತಿದ್ದೇನೆ. ಹಾಗಾಗಿ ಈ ಸರಪಳಿಯ ಎರಡು ತುದಿಯೂ ಗೊತ್ತು. ನಮ್ಮ ಕಡೆ ಇದು ಪರಕೀಯ ವಿಷಯವಲ್ಲ. 1964ರಲ್ಲಿ ಶುರುವಾದ ಬೆಮೆಲ್‌ನ ಕಾರ್ಖಾನೆ ಕೆಜಿಎಫ್‌ನಲ್ಲಿದೆ, ಅಲ್ಲಿ ಬುಲ್ಡೋಜರ್ ತಯಾರಾಗುತ್ತವೆ. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ವೇಮಗಲ್, ನರಸಾಪುರ, ವಸಂತನರಸಾಪುರದ ಶೆಡ್‌ಗಳಲ್ಲಿ ಸ್ಟೋರ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಲೆಡ್ಜರ್ ತುಂಬುವುದನ್ನು ಯಾರಾದರೂ ಕಲಿಸುತ್ತಾರೆ. ಆ ಲೆಡ್ಜರಿನ ಸಾಲು ತಪ್ಪಿದರೆ ಎಲ್ಲಿ ಯಾವ ಗಾಡಿ ನಿಲ್ಲುತ್ತದೆ ಎಂದು ಹೇಳಿಕೊಡುವವರು ಕಡಿಮೆ. ಇದು ಅವರಿಗಾಗಿ.

ನೂರಕ್ಕೆ 95 ಯಾಕೆ ಸಾಲದು

"ನಮ್ಮ ಸ್ಟೋರಿನಲ್ಲಿ ಕೇಳಿದ ಸಾಮಾನು ನೂರಕ್ಕೆ 95 ಸಲ ಸಿಗುತ್ತದೆ" ಎಂದು ವರದಿಯಲ್ಲಿ ಬರೆದರೆ ನೋಡಿದವರಿಗೆ ಸಮಾಧಾನವಾಗುತ್ತದೆ. ಆದರೆ ಒಂದು ರಿಪೇರಿಗೆ ಹತ್ತು ಬಗೆಯ ಭಾಗ ಬೇಕಿದ್ದರೆ ಹತ್ತೂ ಒಟ್ಟಿಗೆ ಇರುವ ಸಂಭವ ಎಷ್ಟು? 0.95ನ್ನು ಹತ್ತು ಸಲ ಗುಣಿಸಿ ನೋಡಿ. ನೂರಕ್ಕೆ ಸುಮಾರು 60. ಹತ್ತು ಗಾಡಿ ಬಂದರೆ ನಾಲ್ಕು ಗಾಡಿ ಯಾವುದೋ ಒಂದು ಗ್ಯಾಸ್ಕೆಟ್ಟಿಗೋ ಬೋಲ್ಟಿಗೋ ಕಾಯುತ್ತಾ ಕೂರುತ್ತವೆ. ಅದೇ 99 ಆದರೆ ಹತ್ತೂ ಸಿಗುವ ಸಂಭವ 90ಕ್ಕೆ ಏರುತ್ತದೆ. 95ಕ್ಕೂ 99ಕ್ಕೂ ಕಾಗದದ ಮೇಲೆ ನಾಲ್ಕೇ ಅಂಕದ ಅಂತರ, ವರ್ಕ್‌ಶಾಪಿನಲ್ಲಿ ಹತ್ತಕ್ಕೆ ಮೂರು ಗಾಡಿಯ ಅಂತರ.

ಮದ್ದುಗುಂಡಿನಲ್ಲೂ ಇದೇ ನ್ಯಾಯ. ಫಿರಂಗಿಗೆ ಶೆಲ್ ಒಂದಿದ್ದರೆ ಆಗಲಿಲ್ಲ, ಅದನ್ನು ಸಿಡಿಸುವ ಫ್ಯೂಜ್ ಬೇಕು, ದೂಡುವ ಚಾರ್ಜ್ ಬೇಕು, ಚಾರ್ಜಿಗೆ ಕಿಡಿ ಹಚ್ಚುವ ಪ್ರೈಮರ್ ಬೇಕು. ಸರ್ಕಾರದ ಲೆಕ್ಕ ಪರಿಶೋಧಿಸುವ ಸಿಎಜಿ 2017ರಲ್ಲಿ ಸಂಸತ್ತಿನ ಮುಂದಿಟ್ಟ ವರದಿ ಈ ಕೆಲಸದಲ್ಲಿರುವ ಎಲ್ಲರೂ ಓದಬೇಕಾದದ್ದು. 40 ದಿನದ ಯುದ್ಧಕ್ಕೆ ಬೇಕಾಗುವಷ್ಟು ಮೀಸಲು ಇರಬೇಕೆಂಬುದು ಆಗಿನ ನಿಯಮ. 2016ರ ಸೆಪ್ಟೆಂಬರಿನಲ್ಲಿ ಪರಿಶೀಲಿಸಿದ 152 ಬಗೆಗಳಲ್ಲಿ 61 ಬಗೆಯವು ಹತ್ತು ದಿನಕ್ಕೂ ಸಾಲುತ್ತಿರಲಿಲ್ಲ. ಫ್ಯೂಜುಗಳ ಕೊರತೆಯಿಂದ ದೊಡ್ಡ ಕ್ಯಾಲಿಬರಿನ ಮದ್ದುಗುಂಡಿನ ಬಹುಪಾಲು ಇದ್ದೂ ಬಳಸಲು ಬಾರದ ಸ್ಥಿತಿಯಲ್ಲಿತ್ತು ಎಂದೂ ಅದರಲ್ಲಿದೆ. ಒಟ್ಟು ಟನ್ ಎಷ್ಟಿದೆ, ಒಟ್ಟು ಬೆಲೆ ಎಷ್ಟಿದೆ ಎಂದು ನೋಡಿದರೆ ಈ ದೋಷ ಕಣ್ಣಿಗೆ ಬೀಳುವುದಿಲ್ಲ. ಜೋಡಿ ಜೋಡಿಯಾಗಿ, ಸೆಟ್ ಸೆಟ್ಟಾಗಿ ನೋಡಬೇಕು.

ಅದಕ್ಕೇ ನಾವು ಮಾಡಿಕೊಂಡ ಮೊದಲ ಬದಲಾವಣೆ ಕೆಲಸವಾರು ಕಿಟ್. ಕ್ಲಚ್ ಬದಲಿಸುವುದಕ್ಕೆ ಏನೇನು ಬೇಕು? ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಇನ್‌ಪುಟ್ ಶಾಫ್ಟಿನ ಆಯಿಲ್ ಸೀಲ್, ಒಮ್ಮೆ ಬಿಚ್ಚಿದರೆ ಹೊಸದೇ ಹಾಕಬೇಕಾದ ಬೋಲ್ಟುಗಳು, ಗ್ರೀಸ್. ಮೆಕ್ಯಾನಿಕ್ ಜೊತೆ ಕೂತು ಒಂದೊಂದು ಕೆಲಸಕ್ಕೂ ಹೀಗೆ ಪಟ್ಟಿ ಮಾಡಿದೆವು. ಪಟ್ಟಿಯಲ್ಲಿ ಒಂದೇ ಒಂದು ಇಲ್ಲದಿದ್ದರೂ ಆ ಕಿಟ್ "ಇಲ್ಲ" ಎಂದೇ ಲೆಕ್ಕ. ಗಾಡಿ ಬಿಚ್ಚುವ ಮೊದಲು ಕಿಟ್ ಪೂರ್ತಿ ಇದೆಯೇ ಎಂದು ಸ್ಟೋರಿನವನು ಸಹಿ ಹಾಕಬೇಕು. ಬಿಚ್ಚಿದ ಮೇಲೆ ಸೀಲ್ ಹುಡುಕುವುದು ಎಲೆ ಹಾಕಿ ಕೂರಿಸಿದ ಮೇಲೆ ಅಕ್ಕಿಗೆ ಹೋದ ಹಾಗೆ. ಬಿಚ್ಚದ ಗಾಡಿಯನ್ನು ಹೇಗೋ ನಿಧಾನಕ್ಕಾದರೂ ಓಡಿಸಬಹುದು, ಬಿಚ್ಚಿಟ್ಟದ್ದನ್ನು ಆಗುವುದಿಲ್ಲ.

ಎಷ್ಟು ಇಡಬೇಕು

ಹೆಚ್ಚಿನ ಕಡೆ ಕಳೆದ ವರ್ಷ ಎಷ್ಟು ಹೋಯಿತೋ ಅದರ ಸರಾಸರಿ ತೆಗೆದು ಅಷ್ಟೇ ಇಡುತ್ತಾರೆ. ತಪ್ಪು ಇರುವುದು ಅಲ್ಲೇ.

ಒಂದು ಸ್ಟಾರ್ಟರ್ ಮೋಟಾರ್ ತೆಗೆದುಕೊಳ್ಳಿ. ವರ್ಷಕ್ಕೆ ಸರಾಸರಿ 6 ಕೆಡುತ್ತವೆ. ಇಂಡೆಂಟ್, ಅಂದರೆ ಸಾಮಾನು ಬೇಕೆಂಬ ಬೇಡಿಕೆ ಪತ್ರ, ಹಾಕಿದರೆ ಬರಲು 4 ತಿಂಗಳು. ಅಂದರೆ ಕಾಯುವ ಕಾಲದಲ್ಲಿ ಸರಾಸರಿ ಬೇಡಿಕೆ 2. ಎರಡೇ ಇಟ್ಟುಕೊಂಡರೆ? ಕೆಡುವುದು ತಿಂಗಳಿಗಿಷ್ಟು ಎಂದು ಸಮನಾಗಿ ಬರುವುದಿಲ್ಲ, ಒಂದು ತಿಂಗಳು ಒಂದೂ ಇಲ್ಲ, ಇನ್ನೊಂದು ತಿಂಗಳು ಮೂರು. ಹೀಗೆ ಹೇಳದೆ ಕೇಳದೆ ಬರುವ ಬೇಡಿಕೆಯ ಸಂಭವ ಹೇಳುವ ಪಾಯ್ಸಾನ್ ಲೆಕ್ಕದಂತೆ ಆ ನಾಲ್ಕು ತಿಂಗಳ ಬೇಡಿಕೆ ಎರಡನ್ನು ಮೀರದಿರುವ ಸಂಭವ ನೂರಕ್ಕೆ 68 ಮಾತ್ರ. ಮೂರಿಟ್ಟರೆ 86, ನಾಲ್ಕಿಟ್ಟರೆ 95, ಐದಿಟ್ಟರೆ 98. ನಾಲ್ಕರಿಂದ ಐದಕ್ಕೆ ಹೋದಾಗ ಸಿಗುವ ಲಾಭ ಎರಡರಿಂದ ಮೂರಕ್ಕೆ ಹೋದಾಗ ಸಿಕ್ಕಿದ್ದಕ್ಕಿಂತ ಎಷ್ಟೋ ಕಡಿಮೆ. ಆ ಐದನೆಯದರ ಹಣವನ್ನು ಬೇರೆ ಯಾವುದಾದರೂ ಬರಿದಾದ ಸಾಲಿಗೆ ಹಾಕುವುದು ಜಾಣತನ. ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಡ, ಎಕ್ಸೆಲ್‌ನಲ್ಲಿ ಪಾಯ್ಸಾನ್ ಫಂಕ್ಷನ್ ಇದೆ. ಇಡುವ ಸಂಖ್ಯೆ, ಕಾಯುವ ಕಾಲದ ಸರಾಸರಿ ಬೇಡಿಕೆ, ಎರಡು ಕೊಟ್ಟು ಮೂರನೆಯ ಜಾಗದಲ್ಲಿ TRUE ಎಂದು ಬರೆದರೆ ಉತ್ತರ ಬರುತ್ತದೆ.

ಈಗ ಕಾಯುವ ಕಾಲವನ್ನು ಬದಲಿಸಿ ನೋಡಿ. ನಾಲ್ಕು ತಿಂಗಳು ಎಂಟಾದರೆ ಸರಾಸರಿ ಬೇಡಿಕೆ 4 ಆಗುತ್ತದೆ, ಅದೇ 95ರ ಭರವಸೆಗೆ 7 ಸ್ಟಾರ್ಟರ್ ಇಡಬೇಕು. ಎರಡು ತಿಂಗಳಾದರೆ ಮೂರಿಟ್ಟರೂ 98. ಅಂದರೆ ಇಂಡೆಂಟ್ ಕಾಗದ ಒಂದು ಮೇಜಿನ ಮೇಲೆ ಎರಡು ತಿಂಗಳು ಕೂತರೆ ಅದರ ಬೆಲೆಯನ್ನು ಸ್ಟೋರ್ ಸ್ಟಾರ್ಟರುಗಳ ರೂಪದಲ್ಲಿ ಕಟ್ಟುತ್ತದೆ. ನಾನು ಯಾವಾಗಲೂ ಹೇಳುವುದು ಇದನ್ನೇ: ಹೆಚ್ಚು ಸಾಮಾನು ಕೊಳ್ಳುವ ಮುಂಚೆ ಇಂಡೆಂಟಿನ ದಾರಿ ಹಿಡಿದು ನಡೆಯಿರಿ. ಹಾಕಿದ ದಿನ, ಸಹಿಯಾದ ದಿನ, ಡಿಪೋಗೆ ಮುಟ್ಟಿದ ದಿನ, ಪ್ಯಾಕಾದ ದಿನ, ಲಾರಿ ಹತ್ತಿದ ದಿನ, ಇಳಿದ ದಿನ, ತಪಾಸಣೆ ಮುಗಿದು ರ‍್ಯಾಕಿಗೆ ಏರಿದ ದಿನ, ಏಳೂ ದಿನಾಂಕ ಬರೆಯಿರಿ. ನಾವು ಹಾಗೆ ಬರೆದು ನೋಡಿದಾಗ ಲಾರಿ ಓಡಿದ್ದಕ್ಕಿಂತ ಕಾಗದ ಕೂತ ದಿನಗಳೇ ಹೆಚ್ಚಿದ್ದವು. ಕೊನೆಯ ಮೆಟ್ಟಿಲನ್ನೂ ಮರೆಯಬೇಡಿ. ಸಾಮಾನು ಬಂದು ಗೇಟಿನೊಳಗೆ ಪೆಟ್ಟಿಗೆಯಲ್ಲೇ ಇರುತ್ತದೆ, ಲೆಡ್ಜರಿಗೆ ಏರಿರುವುದಿಲ್ಲ, ಅದೇ ಭಾಗಕ್ಕಾಗಿ ಗಾಡಿ ನಿಂತಿರುತ್ತದೆ.

ದರ್ಜೆ ಮಾಡುವಾಗ ಬೆಲೆಯೊಂದನ್ನೇ ನೋಡಬಾರದು. ಬೆಲೆಯ ಎ-ಬಿ-ಸಿ ದರ್ಜೆ (ದುಬಾರಿ, ಮಧ್ಯಮ, ಅಗ್ಗ) ಒಂದು ಕಡೆ, ಅದಿಲ್ಲದಿದ್ದರೆ ಗಾಡಿ ನಿಲ್ಲುತ್ತದೆಯೇ ಎಂಬುದರ ದರ್ಜೆ ಇನ್ನೊಂದು ಕಡೆ. ಅಗ್ಗವಾಗಿದ್ದು ಗಾಡಿ ನಿಲ್ಲಿಸುವಂಥವು, ಅಂದರೆ ಸೀಲ್, ಫಿಲ್ಟರ್, ಬೆಲ್ಟ್, ಹೋಸ್ ಕ್ಲಾಂಪ್, ಫ್ಯೂಸ್, ಇವನ್ನು ಧಾರಾಳವಾಗಿ ಇಡಿ, ಲೆಕ್ಕ ಬಿಗಿ ಮಾಡಲೇಬೇಡಿ. ದುಬಾರಿಯಾಗಿದ್ದು ಗಾಡಿ ನಿಲ್ಲಿಸುವಂಥವಕ್ಕೆ ಮೇಲಿನ ಪಾಯ್ಸಾನ್ ಲೆಕ್ಕ ಒಂದೊಂದಾಗಿ ಮಾಡಿ. ದುಬಾರಿಯಾಗಿದ್ದು ಗಾಡಿ ನಿಲ್ಲಿಸದವನ್ನು ಬೇಕಾದಾಗ ತರಿಸಿ.

ಇನ್ನೊಂದು ಎಚ್ಚರ. ಮೂರು ವರ್ಷ ಅಲುಗಾಡದ ಸಾಮಾನನ್ನು "ಸತ್ತ ಸ್ಟಾಕ್" ಎಂದು ಪಟ್ಟಿಯಿಂದ ತೆಗೆಯುವ ಅಭ್ಯಾಸವಿದೆ. ಕಿರಾಣಿ ಅಂಗಡಿಗೆ ಅದು ಸರಿ. ಡೋಜರಿನ ಫೈನಲ್ ಡ್ರೈವ್ ಗೇರ್ ಐದು ವರ್ಷಕ್ಕೊಮ್ಮೆ ಬೇಕಾದರೂ, ಬೇಕಾದ ದಿನ ಅದಿಲ್ಲದಿದ್ದರೆ ರಸ್ತೆ ತೆರೆಯುವುದಿಲ್ಲ. ಅಂಥದ್ದನ್ನು ಪ್ರತಿ ತುಕಡಿಯಲ್ಲೂ ಇಡಬೇಕಾಗಿಲ್ಲ, ಮೇಲಿನ ಡಿಪೋದಲ್ಲಿ ಒಂದು ಅಥವಾ ಎರಡು ಸಾಕು. ಆದರೆ ಅಲ್ಲಿ ಇದೆ ಎಂಬುದು ಎಲ್ಲ ತುಕಡಿಗೂ ಗೊತ್ತಿರಬೇಕು. ಇಲ್ಲದಿದ್ದರೆ ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ.

ಲೆಡ್ಜರ್ ಒಂದು ಹೇಳುತ್ತದೆ, ರ‍್ಯಾಕ್ ಒಂದು ಹೇಳುತ್ತದೆ

ಮೇಲಿನ ಲೆಕ್ಕವೆಲ್ಲ ನಿಲ್ಲುವುದು ಲೆಡ್ಜರ್ ನಿಜ ಹೇಳಿದರೆ ಮಾತ್ರ. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕ 40,000ದಷ್ಟು ಕಂಟೇನರ್ ಕಳಿಸಿತು, ಒಳಗೇನಿದೆ ಎಂದು ತಿಳಿಯದೆ ಅರ್ಧಕ್ಕಿಂತ ಹೆಚ್ಚನ್ನು ಮರುಭೂಮಿಯಲ್ಲಿ ಒಡೆದು ನೋಡಬೇಕಾಯಿತು. ಬೇಕಾದದ್ದು ಇತ್ತು, ಎಲ್ಲಿದೆ ಎಂಬುದು ಇರಲಿಲ್ಲ. ಸಿಗದೆ ಹೋದವರು ಮತ್ತೆ ಇಂಡೆಂಟ್ ಹಾಕಿದರು, ಮತ್ತೆ ಬೇಡಿಕೆ ಉಬ್ಬಿತು, ಬಂದರು ಇನ್ನಷ್ಟು ತುಂಬಿತು. 2003ರ ಇರಾಕ್ ಯುದ್ಧದಲ್ಲೂ ಕಳಿಸಿದೆವು ಎಂಬ ಲೆಕ್ಕಕ್ಕೂ ಮುಟ್ಟಿತು ಎಂಬ ಲೆಕ್ಕಕ್ಕೂ 120 ಕೋಟಿ ಡಾಲರಿನ ವ್ಯತ್ಯಾಸವನ್ನು ಆ ದೇಶದ ಲೆಕ್ಕಪರಿಶೋಧಕರೇ ತೋರಿಸಿದರು. ಅಷ್ಟು ದೊಡ್ಡ ಪಡೆಗೆ ಆಗಿದ್ದು ಒಂದು ಶೆಡ್ಡಿನ ಸ್ಟೋರಿಗೂ ಆಗುತ್ತದೆ, ಕಾರಣವೂ ಅವೇ.

ನಾನು ಪದೇ ಪದೇ ಕಂಡ ತಪ್ಪುಗಳಲ್ಲಿ ಮೊದಲನೆಯದು ನಂಬರ್ ಬದಲಾಗುವುದು. ತಯಾರಕರು ಒಂದು ಭಾಗವನ್ನು ಸುಧಾರಿಸಿ ಹೊಸ ಪಾರ್ಟ್ ನಂಬರ್ ಕೊಡುತ್ತಾರೆ. ಗಾಡಿಯ ಹೊಸ ಪುಸ್ತಕದಲ್ಲಿ ಹೊಸ ನಂಬರ್. ಮೆಕ್ಯಾನಿಕ್ ಅದನ್ನು ಕೇಳುತ್ತಾನೆ, ಸ್ಟೋರಿನವನು ಹುಡುಕಿ "ಇಲ್ಲ" ಎನ್ನುತ್ತಾನೆ. ಹಳೆಯ ನಂಬರಿನಲ್ಲಿ ಅದೇ ಭಾಗ ಒಂಬತ್ತು ಅಲ್ಲೇ ಕೆಳಗಿನ ಹಲಗೆಯಲ್ಲಿರುತ್ತದೆ. ಅದಕ್ಕೆ ಬಿನ್ ಕಾರ್ಡಿನ, ಅಂದರೆ ಸಾಮಾನಿನ ಜಾಗದಲ್ಲೇ ಇಡುವ ಲೆಕ್ಕದ ಚೀಟಿಯ, ತಲೆಯಲ್ಲೇ "ಹಳೆಯ ನಂಬರ್, ಹೊಸ ನಂಬರ್, ಯಾವುದರ ಬದಲು ಯಾವುದು" ಎಂದು ಮೂರು ಕಾಲಂ ಇಡಬೇಕು. ಹಳೆಯದರ ಜಾಗಕ್ಕೆ ಹೊಸದು ಬರಬಹುದು, ಹೊಸದರ ಜಾಗಕ್ಕೆ ಹಳೆಯದು ಬಾರದಿರಬಹುದು, ಈ ದಿಕ್ಕನ್ನು ಬಾಣ ಹಾಕಿ ತೋರಿಸಿ. ಸೇನೆಗಳು ಬಳಸುವ 13 ಅಂಕಿಯ ನ್ಯಾಟೋ ಸ್ಟಾಕ್ ನಂಬರ್ ಇಲ್ಲಿ ತುಂಬಾ ಉಪಯೋಗ. ಮೊದಲ ನಾಲ್ಕು ಅಂಕಿ ವರ್ಗ, ಮುಂದಿನ ಎರಡು ದೇಶ, ಉಳಿದ ಏಳು ಆ ವಸ್ತುವಿನದು. 3110 ಎಂದರೆ ಬೇರಿಂಗ್, 5331 ಎಂದರೆ ಓ-ರಿಂಗ್, 2940 ಎಂದರೆ ಎಂಜಿನ್ನಿನ ಗಾಳಿ ಮತ್ತು ಆಯಿಲ್ ಫಿಲ್ಟರ್. ಭಾರತದ ಸಂಖ್ಯೆ 72. ತಯಾರಕರು ಬೇರೆ ಬೇರೆ ನಂಬರ್ ಕೊಟ್ಟರೂ ವಸ್ತು ಒಂದೇ ಆದರೆ ಈ ಸಂಖ್ಯೆ ಒಂದೇ ಇರುತ್ತದೆ.

ಅಳತೆಯ ಎಡವಟ್ಟು ಎರಡನೆಯದು. ಹೋಸನ್ನು ಮೀಟರಿನಲ್ಲಿ ಕೊಡುತ್ತಾರೋ ತುಂಡಿನಲ್ಲೋ, ಸೀಲನ್ನು ಒಂದೊಂದಾಗಿಯೋ ಸೆಟ್ಟಾಗಿಯೋ? ಹತ್ತು ಎಂದು ಬರೆದ ಇಂಡೆಂಟಿಗೆ ಹತ್ತು ಓ-ರಿಂಗ್ ಬಂದು, ಬೇಕಿದ್ದದ್ದು ಹತ್ತು ಸೆಟ್ ಆಗಿದ್ದರೆ ಮತ್ತೆ ನಾಲ್ಕು ತಿಂಗಳು. ಒಡೆದ ಕಿಟ್ ಇದರ ಸೋದರ. ತುರ್ತಿಗೆ ಸೀಲ್ ಕಿಟ್ಟಿನಿಂದ ಒಂದು ವೈಪರ್ ಸೀಲ್ ತೆಗೆದು ಕವರ್ ಮಡಿಚಿ ವಾಪಸ್ ಇಡುತ್ತಾರೆ. ಲೆಡ್ಜರಿನಲ್ಲಿ ಅದು ಇನ್ನೂ ಪೂರ್ತಿ ಕಿಟ್. ಒಡೆದ ಕವರಿಗೆ ಆಗಲೇ ಕೆಂಪು ಟೇಪ್ ಸುತ್ತಿ, ಬೇರೆ ಡಬ್ಬಿಗೆ ಹಾಕಿ, ಕಿಟ್ಟಿನ ಲೆಕ್ಕದಿಂದ ಒಂದು ಇಳಿಸಿ ಎಂಬುದನ್ನು ನಾವು ಕಟ್ಟುನಿಟ್ಟು ಮಾಡಿದೆವು.

ರಿಪೇರಿಯಾಗಬೇಕಾದ ಸಾಮಾನು ಮೂರನೆಯದು. ಬೆಂಚಿನ ಮೇಲೆ ನಾಲ್ಕು ಆಲ್ಟರ್ನೇಟರ್ ಕೂತಿವೆ, ಲೆಡ್ಜರಿನಲ್ಲಿ ನಾಲ್ಕು. ಒಂದೂ ಓಡುವುದಿಲ್ಲ. ಹಸಿರು ಚೀಟಿ ಸರಿಯಿರುವುದಕ್ಕೆ, ಹಳದಿ ರಿಪೇರಿಗೆ, ಕೆಂಪು ಗುಜರಿಗೆ, ಚೀಟಿ ಇಲ್ಲದ್ದು ರ‍್ಯಾಕಿನ ಮೇಲೆ ಇರಲೇಬಾರದು. ಹಳದಿಯವಕ್ಕೆ ದಿನಾಂಕ ಕಡ್ಡಾಯ. ದುಬಾರಿ ರಿಪೇರಿ ಭಾಗಗಳಲ್ಲಿ ಹೊಸದು ಕೊಳ್ಳುವುದಕ್ಕಿಂತ ಕೆಟ್ಟದ್ದನ್ನು ಬೇಗ ಹಿಂದಕ್ಕೆ ಕಳಿಸುವುದೇ ದೊಡ್ಡ ಸಂಗ್ರಹ. ಕ್ರೇಗ್ ಶೆರ್‌ಬ್ರೂಕ್ 1960ರ ದಶಕದಲ್ಲಿ ರ‍್ಯಾಂಡ್ ಸಂಶೋಧನಾ ಸಂಸ್ಥೆಯಲ್ಲಿದ್ದುಕೊಂಡು ಅಮೆರಿಕದ ವಾಯುಪಡೆಗೆ ರೂಪಿಸಿದ ಮೆಟ್ರಿಕ್ ಎಂಬ ಲೆಕ್ಕದ ಬುನಾದಿ ಇದೇ: ತುಕಡಿ, ಡಿಪೋ, ರಿಪೇರಿ ಬೆಂಚು, ದಾರಿಯಲ್ಲಿರುವುದು ಎಲ್ಲವನ್ನೂ ಒಂದೇ ಹರಿವೆಂದು ನೋಡಿ, ಕೊನೆಗೆ ಎಷ್ಟು ಬೇಡಿಕೆ ಪೂರೈಕೆಯಾಗದೆ ಬಾಕಿ ನಿಂತಿವೆ ಎಂಬುದನ್ನು ಎಣಿಸುವುದು. ಬಾಕಿ ನಿಂತ ಒಂದೊಂದು ಬೇಡಿಕೆಯೂ ಒಂದು ವಿಮಾನದಲ್ಲಿ ಖಾಲಿ ಉಳಿದ ಒಂದು ಜಾಗ.

ಎಣಿಕೆಯನ್ನು ವರ್ಷಕ್ಕೊಮ್ಮೆ ಬಾಗಿಲು ಹಾಕಿ ಮಾಡುವುದರಿಂದ ಪ್ರಯೋಜನ ಕಡಿಮೆ. ದಿನಕ್ಕೆ 20-25 ಸಾಲು, ಬೆಳಿಗ್ಗೆ ಇಂಡೆಂಟುಗಳು ಬರುವ ಮುಂಚೆ. ಗಾಡಿ ನಿಲ್ಲಿಸುವ ಸಾಮಾನು ತಿಂಗಳಿಗೊಮ್ಮೆ, ಮಧ್ಯಮದವು ಮೂರು ತಿಂಗಳಿಗೊಮ್ಮೆ, ಉಳಿದವು ವರ್ಷಕ್ಕೊಮ್ಮೆ ಸರದಿಗೆ ಬರುವಂತೆ ಹಂಚಿ. ಎಣಿಸುವವನಿಗೆ ಲೆಡ್ಜರಿನ ಅಂಕಿ ತೋರಿಸಬೇಡಿ, ತೋರಿಸಿದರೆ ಕಣ್ಣು ಅದನ್ನೇ ಹುಡುಕುತ್ತದೆ. ಎರಡು ದಿಕ್ಕಿನಿಂದಲೂ ಎಣಿಸಿ: ಲೆಡ್ಜರಿನಿಂದ ಹತ್ತು ಸಾಲು ಆರಿಸಿ ರ‍್ಯಾಕಿಗೆ ಹೋಗಿ, ರ‍್ಯಾಕಿನಿಂದ ಹತ್ತು ವಸ್ತು ಎತ್ತಿ ಲೆಡ್ಜರಿಗೆ ಬನ್ನಿ. ಎರಡನೆಯದರಲ್ಲೇ ಲೆಕ್ಕಕ್ಕೇ ಬಾರದ ಸಾಮಾನು ಸಿಗುವುದು. ವ್ಯತ್ಯಾಸ ಸಿಕ್ಕಾಗ ಅಂಕಿ ತಿದ್ದಿ ಮುಂದೆ ಹೋಗಬಾರದು. ಯಾಕೆ ಆಯಿತು ಎಂದು ಬರೆಯಬೇಕು. ರಾತ್ರಿ ತುರ್ತಿಗೆ ಕೊಟ್ಟು ಚೀಟಿ ಬರೆಯಲಿಲ್ಲ ಎಂಬುದೇ ಹೆಚ್ಚು ಸಲ ಬರುವ ಉತ್ತರ. ಅದಕ್ಕೆ ಪರಿಹಾರ ಬಾಗಿಲ ಹತ್ತಿರ ದಾರ ಕಟ್ಟಿದ ಪೆನ್ನು ಮತ್ತು ಒಂದು ರಾತ್ರಿ ಪುಸ್ತಕ.

ಒಂದು ಸೀಲ್ ಕಿಟ್ಟಿನ ಆಯಸ್ಸು

ಹೈಡ್ರಾಲಿಕ್ ಸಿಲಿಂಡರಿನ ಸೀಲ್ ಕಿಟ್ ಅಂಗೈಯಗಲ ಇರುತ್ತದೆ. ರಾಡ್ ಸೀಲ್, ವೈಪರ್, ಪಿಸ್ಟನ್ ಸೀಲ್, ಓ-ರಿಂಗ್, ಅದರ ಬೆನ್ನಿಗೆ ಬ್ಯಾಕಪ್ ರಿಂಗ್, ವೇರ್ ರಿಂಗ್. ಇದರಲ್ಲಿ ಒಂದು ಸೋರಿದರೆ ಡೋಜರಿನ ಬ್ಲೇಡ್ ಎತ್ತಿದಲ್ಲೇ ನಿಲ್ಲದೆ ಇಳಿಯುತ್ತದೆ. ಬ್ಲೇಡ್ ನಿಲ್ಲದ ಡೋಜರ್ ಹಿಮ ತಳ್ಳುವುದಿಲ್ಲ, ಹಿಮ ತೆಗೆಯದ ರಸ್ತೆಯ ಹಿಂದೆ ಲಾರಿಗಳ ಸಾಲು ನಿಲ್ಲುತ್ತದೆ.

ರ‍್ಯಾಕಿನ ಮೇಲೆ ಇದ್ದರೂ ಈ ಕಿಟ್ಟಿಗೆ ವಯಸ್ಸಾಗುತ್ತದೆ. ರಬ್ಬರ್ ಸಾಮಾನು ಕೂಡಿಡುವುದಕ್ಕಿರುವ ಐಎಸ್ಒ 2230 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ನೈಸರ್ಗಿಕ ರಬ್ಬರ್ ಮತ್ತು ಪಾಲಿಯುರೆಥೇನ್‌ಗೆ ಮೊದಲ ಅವಧಿ 5 ವರ್ಷ, ಪರೀಕ್ಷಿಸಿ ಇನ್ನೆರಡು ವರ್ಷ ಮುಂದುವರಿಸಬಹುದು. ನೈಟ್ರೈಲ್ ಮತ್ತು ನಿಯೋಪ್ರೀನ್‌ಗೆ 7 ವರ್ಷ, ಮೇಲೆ 3. ಸಿಲಿಕೋನ್, ಫ್ಲೂರೋಕಾರ್ಬನ್, ಇಪಿಡಿಎಂಗೆ 10, ಮೇಲೆ 5. ಒಂದೇ ಕಿಟ್ಟಿನಲ್ಲಿ ಪಾಲಿಯುರೆಥೇನ್ ರಾಡ್ ಸೀಲೂ ನೈಟ್ರೈಲ್ ಓ-ರಿಂಗೂ ಇದ್ದರೆ ಕಿಟ್ಟಿನ ಆಯಸ್ಸು ಚಿಕ್ಕದರದ್ದು, ಅಂದರೆ 5. ಲೆಕ್ಕ ಶುರುವಾಗುವುದು ನಮ್ಮ ಗೇಟಿಗೆ ಬಂದ ದಿನದಿಂದಲ್ಲ, ರಬ್ಬರ್ ಬೇಯಿಸಿದ ದಿನದಿಂದ. ಕವರಿನ ಮೇಲೆ ತ್ರೈಮಾಸಿಕ ಮತ್ತು ವರ್ಷ ಅಚ್ಚಾಗಿರುತ್ತದೆ, ಎರಡನೆಯ ತ್ರೈಮಾಸಿಕ 2024 ಎಂಬಂತೆ. ಅದಿಲ್ಲದ ಕವರನ್ನು ಒಳಗೆ ಬಿಡಬೇಡಿ. ಮೂರು ವರ್ಷ ಗೋದಾಮಿನಲ್ಲಿದ್ದು ನಮಗೆ ಬಂದರೆ ನಮಗೆ ಉಳಿಯುವುದು ಎರಡೇ ವರ್ಷ.

ಕೋಲಾರದ ಯಾರ್ಡಿನಲ್ಲಿ ಟೊಮೆಟೊ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲು ಬಂದದ್ದು ಮೊದಲು ಹೋಗಲಿ ಎಂಬುದಲ್ಲ ಅಲ್ಲಿಯ ನಿಯಮ, ಮೊದಲು ಹಣ್ಣಾಗಿ ಕೆಡುವುದು ಮೊದಲು ಹೋಗಬೇಕು. ರಬ್ಬರ್, ಬ್ಯಾಟರಿ, ಅಂಟು, ಪೇಂಟು, ಬ್ರೇಕ್ ಆಯಿಲ್‌ಗೂ ಅದೇ. ನಿನ್ನೆ ಬಂದ ಪೆಟ್ಟಿಗೆಯಲ್ಲಿ ಹಳೆಯ ತಾರೀಖಿನದು ಇರಬಹುದು, ಅದೇ ಮುಂದಿನ ಸಾಲಿಗೆ ಬರಬೇಕು.

ಶೆಡ್ಡಿನ ಬಿಸಿಲು ದೊಡ್ಡ ಶತ್ರು. ರಬ್ಬರನ್ನು 25 ಡಿಗ್ರಿಗಿಂತ ಕೆಳಗೆ ಇಡಬೇಕು. ಏಪ್ರಿಲ್‌ನಲ್ಲಿ ನಮ್ಮ ಕೋಲಾರದ ತಗಡಿನ ಶೆಡ್ಡಿನ ಮೇಲಿನ ಹಲಗೆಗೆ ಕೈಯಿಟ್ಟರೆ ಅದೆಷ್ಟು ದೂರದ ಮಾತು ಎಂದು ತಿಳಿಯುತ್ತದೆ. ಇಡೀ ಶೆಡ್ ತಂಪು ಮಾಡಲು ಆಗದಿದ್ದರೆ ಒಂದು ಮೂಲೆಯನ್ನು ಇಟ್ಟಿಗೆ ಕಟ್ಟಿ, ಒಳಗೆ ಚಾವಣಿ ಹಾಕಿ, ಒಂದು ಎಸಿ ಕೂರಿಸಿ ರಬ್ಬರಿಗೆ ಮೀಸಲಿಡಿ. ಅದೂ ಆಗದಿದ್ದರೆ ಉತ್ತರದ ಗೋಡೆ, ಕೆಳಗಿನ ಹಲಗೆ. ವೆಲ್ಡಿಂಗ್ ಸೆಟ್, ಮೋಟಾರ್, ಬ್ಯಾಟರಿ ಚಾರ್ಜರ್ ಹತ್ತಿರ ಬೇಡ, ಅವುಗಳ ಕಿಡಿಯಿಂದ ಹುಟ್ಟುವ ಓಝೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ. ಓ-ರಿಂಗನ್ನು ಮೊಳೆಗೆ ನೇತು ಹಾಕಬಾರದು, ತೂಗಿದ ಜಾಗ ಚಪ್ಪಟೆಯಾಗಿ ಅಲ್ಲೇ ಸೋರುತ್ತದೆ. ಹೈಡ್ರಾಲಿಕ್ ಹೋಸಿನ ಎರಡೂ ತುದಿಗೆ ಕ್ಯಾಪ್ ಇರಲೇಬೇಕು, ಒಂದು ಮರಳ ಕಣ ಒಳಗೆ ಹೋದರೂ ವಾಲ್ವ್ ಹಾಳು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಬೇರಿಂಗ್ ಮೂಲ ಕವರಿನಲ್ಲೇ, ಅಡ್ಡಲಾಗಿ ಮಲಗಿಸಿ, ಹಾಕುವ ಕ್ಷಣದವರೆಗೂ ಬಿಚ್ಚದೆ. ಲೆಡ್ ಆಸಿಡ್ ಬ್ಯಾಟರಿ ತುಂಬು ಚಾರ್ಜಿನಲ್ಲಿ, 12.4 ವೋಲ್ಟಿಗೆ ಇಳಿದರೆ ಮತ್ತೆ ಚಾರ್ಜು. ಟೈರ್ ನಿಲ್ಲಿಸಿ ಇಡಿ, ಆಗಾಗ ತಿರುಗಿಸಿ. ಪಕ್ಕದ ನಾಲ್ಕು ಅಂಕಿ ವಾರ ಮತ್ತು ವರ್ಷ ಹೇಳುತ್ತದೆ, 2323 ಎಂದರೆ 2023ರ 23ನೆಯ ವಾರ. ಬ್ರೇಕ್ ಆಯಿಲ್ ಡಬ್ಬಿ ತೆರೆದು ಅರ್ಧ ಉಳಿಸಬೇಡಿ, ಗಾಳಿಯ ತೇವ ಹೀರುತ್ತದೆ.

ಮುಚ್ಚುವ ರಸ್ತೆ

ನಮ್ಮಲ್ಲಿ ಸೇನೆಯ ಸರಬರಾಜಿಗೆ ಒಂದು ವಿಶೇಷ ಕಷ್ಟವಿದೆ. ಲಡಾಖಿಗೆ ಹೋಗುವ ಶ್ರೀನಗರ–ಲೇಹ್ ದಾರಿಯ ಜೋಜಿಲಾ ಮತ್ತು ಮನಾಲಿ–ಲೇಹ್ ದಾರಿಯ ಎತ್ತರದ ಘಟ್ಟಗಳು ಚಳಿಗಾಲದಲ್ಲಿ ಹಿಮದಿಂದ ಮುಚ್ಚುತ್ತವೆ. 2020ರ ಅಕ್ಟೋಬರ್ 3ರಂದು ತೆರೆದ 9.02 ಕಿಲೋಮೀಟರಿನ ಅಟಲ್ ಸುರಂಗ ರೋಹತಾಂಗನ್ನು ದಾಟಿಸಿತು, ಆದರೆ ಅದರ ಮುಂದಿನ ಘಟ್ಟಗಳು ಹಾಗೇ ಇವೆ. ಅದಕ್ಕಾಗಿ ಬೇಸಿಗೆಯಲ್ಲೇ ಚಳಿಗಾಲದ ದಿನಸಿ, ಸೀಮೆಎಣ್ಣೆ, ಡೀಸೆಲ್, ಬಟ್ಟೆ, ಮದ್ದುಗುಂಡು ಎಲ್ಲ ಏರಿಸಿಡುತ್ತಾರೆ. ಬಿಡಿಭಾಗವನ್ನೂ ಇದೇ ಕಣ್ಣಿನಿಂದ ನೋಡಬೇಕು.

ಇಲ್ಲಿ ಕಾಯುವ ಕಾಲ ಎಂದರೆ ಡಿಪೋದ ಎರಡು ತಿಂಗಳಲ್ಲ, ಕೊನೆಯ ಲಾರಿ ಹೋದ ದಿನದಿಂದ ಮುಂದಿನ ವರ್ಷದ ಮೊದಲ ಲಾರಿ ಏರುವವರೆಗಿನ ಇಡೀ ಅವಧಿ. ಮೇಲಿನ ಪಾಯ್ಸಾನ್ ಲೆಕ್ಕಕ್ಕೆ ಆ ತಿಂಗಳುಗಳನ್ನು ಹಾಕಬೇಕು. ಬೇಡಿಕೆಯ ದರವನ್ನೂ ಬಯಲಿನದು ಹಾಕಬಾರದು. ಚಳಿಗೆ ಬ್ಯಾಟರಿಯ ಶಕ್ತಿ ಇಳಿಯುತ್ತದೆ, ಗಟ್ಟಿಯಾದ ಆಯಿಲನ್ನು ತಿರುಗಿಸಲು ಸ್ಟಾರ್ಟರ್ ಹೆಚ್ಚು ಎಳೆಯುತ್ತದೆ, ರಬ್ಬರ್ ಬಿರುಸಾಗಿ ಸೀಲು ಸೋರುತ್ತದೆ. ಬಯಲಿನಲ್ಲಿ ವರ್ಷಕ್ಕೆ ಆರು ಸ್ಟಾರ್ಟರ್ ಕೇಳಿದ ತುಕಡಿಗೆ ಅಲ್ಲಿ ಆರು ಎಂದು ಬರೆದರೆ ಫೆಬ್ರವರಿಯಲ್ಲಿ ಹೆಲಿಕಾಪ್ಟರಿಗೆ ಮೊರೆ ಹೋಗಬೇಕಾಗುತ್ತದೆ. ಆ ಹೆಲಿಕಾಪ್ಟರಿಗೆ ಎತ್ತರದಲ್ಲಿ ಹೊರುವ ಶಕ್ತಿ ಕಡಿಮೆ, ಸ್ಟಾರ್ಟರ್ ಏರಿದರೆ ಅಷ್ಟು ತೂಕದ ಬೇರೇನೋ ಇಳಿಯುತ್ತದೆ.

ಏರಿಸುವ ಕ್ರಮವೂ ಮುಖ್ಯ. ಮೊದಲ ಲಾರಿಗಳಲ್ಲಿ ಗಾಡಿ ನಿಲ್ಲಿಸುವ ಅಗ್ಗದ ಸಾಮಾನು, ಆಮೇಲೆ ದುಬಾರಿ ಜೋಡಣೆಗಳು, ಕೊನೆಗೆ ಇದ್ದರೆ ಅನುಕೂಲ ಎನ್ನುವಂಥವು. ದಾರಿ ಒಂದು ವಾರ ಮುಂಚೆ ಮುಚ್ಚಿದರೂ ಕೊನೆಯ ಲಾರಿಯಲ್ಲಿ ಉಳಿಯುವುದು ಅನುಕೂಲದ್ದಾಗಿರಬೇಕು, ಪ್ರಾಣದ್ದಲ್ಲ.

ಒಂದರದು ಬಿಚ್ಚಿ ಇನ್ನೊಂದಕ್ಕೆ

ಭಾಗ ಬರದಿದ್ದಾಗ ನಿಂತ ಗಾಡಿಯಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುತ್ತಾರೆ. ಯುದ್ಧದ ಹೊತ್ತಿನಲ್ಲಿ ಅದು ಸರಿಯಾದ ನಿರ್ಧಾರವೇ. ಅಭ್ಯಾಸವಾದರೆ ಮಾತ್ರ ಸ್ಟೋರನ್ನು ಒಳಗಿನಿಂದ ತಿನ್ನುತ್ತದೆ. ಕೆಲಸ ಇಮ್ಮಡಿ: ಒಂದು ಕಡೆ ಬಿಚ್ಚಿ, ಒಂದು ಕಡೆ ಹಾಕಿ, ಹೊಸದು ಬಂದ ಮೇಲೆ ಮತ್ತೆ ಹಾಕಬೇಕು. ಬಿಚ್ಚುವಾಗ ಒಂದಷ್ಟು ಹಾಳಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಬೇಡಿಕೆ ಲೆಡ್ಜರಿಗೆ ಬರುವುದೇ ಇಲ್ಲ. ಡಿಪೋದಲ್ಲಿ ಕೂತವರಿಗೆ ಆ ಭಾಗ ಯಾರೂ ಕೇಳುತ್ತಿಲ್ಲ ಎಂದು ಕಾಣುತ್ತದೆ, ಮುಂದಿನ ವರ್ಷ ಇನ್ನೂ ಕಡಿಮೆ ಕೊಳ್ಳುತ್ತಾರೆ. ಆದ್ದರಿಂದ ಬಿಚ್ಚುವ ಮುಂಚೆ ಇಂಡೆಂಟ್ ಹಾಕಬೇಕು, ಅದರ ನಂಬರನ್ನು ಬಿಚ್ಚಿದ ಗಾಡಿಯ ಸ್ಟೀರಿಂಗಿಗೆ ಕಟ್ಟಬೇಕು, ಒಂದು ಗಾಡಿಯಿಂದ ಮಾತ್ರ ಬಿಚ್ಚಬೇಕು. ಐದು ಗಾಡಿಯಿಂದ ಒಂದೊಂದು ಭಾಗ ಬಿಚ್ಚಿದರೆ ಐದು ಗಾಡಿ ಸತ್ತ ಹಾಗೆ.

ಎಲ್ಲ ಇಂಡೆಂಟಿಗೂ "ಅತಿ ತುರ್ತು" ಎಂದು ಒತ್ತುವುದೂ ಇದೇ ಜಾತಿಯ ರೋಗ. ಎಲ್ಲವೂ ತುರ್ತಾದರೆ ಡಿಪೋದವನಿಗೆ ಯಾವುದನ್ನು ಮೊದಲು ಕಟ್ಟಬೇಕು ಎಂದು ತಿಳಿಯುವುದಿಲ್ಲ, ಸರದಿಯಲ್ಲಿ ಕಟ್ಟುತ್ತಾನೆ. ನಾವು ಒಂದೇ ನಿಯಮ ಮಾಡಿದೆವು: ತುರ್ತು ಎಂದು ಬರೆಯಬೇಕಾದರೆ ನಿಂತಿರುವ ಗಾಡಿಯ ನಂಬರ್ ಮತ್ತು ನಿಂತ ದಿನಾಂಕ ಬರೆಯಬೇಕು. ಬರೆಯಲು ಗಾಡಿ ಇಲ್ಲದಿದ್ದರೆ ಅದು ತುರ್ತಲ್ಲ. ಸರಬರಾಜಿನ ಮೇಲೆ ನಂಬಿಕೆ ಹೋದಾಗ ತುಕಡಿಗಳು ಎರಡು ಬೇಕಾದಲ್ಲಿ ಐದು ಕೇಳುತ್ತವೆ, ಅದಕ್ಕೆ ಬೈದು ಉಪಯೋಗವಿಲ್ಲ. ಬಾಕಿ ಇರುವ ಇಂಡೆಂಟ್ ಎಲ್ಲಿದೆ ಎಂದು ಪ್ರತಿ ವಾರ ನಾವೇ ತಿಳಿಸತೊಡಗಿದ ಮೇಲೆ ಹೆಚ್ಚು ಕೇಳುವುದು ತಾನಾಗಿ ಇಳಿಯಿತು.

ಸೋಮವಾರದ ಹಾಳೆ

ಇಷ್ಟನ್ನೂ ಹಿಡಿದಿಡುವುದು ಒಂದು ಹಾಳೆ. ಪ್ರತಿ ಸೋಮವಾರ ಬೆಳಿಗ್ಗೆ ನಿಂತಿರುವ ಗಾಡಿಗಳ ಪಟ್ಟಿ. ಗಾಡಿ ನಂಬರ್, ನಿಂತ ದಿನ, ಬೇಕಾದ ಭಾಗ ಮತ್ತು ಸಂಖ್ಯೆ, ಇಂಡೆಂಟ್ ನಂಬರ್ ಮತ್ತು ದಿನ, ಇವತ್ತು ಆ ಭಾಗ ಎಲ್ಲಿದೆ, ಯಾರು ವಿಚಾರಿಸಬೇಕು, ಯಾವತ್ತು ಬರುತ್ತದೆ. ನಿಂತ ದಿನಗಳನ್ನು ಮೂರು ಪಾಲು ಮಾಡಿ: ಮೆಕ್ಯಾನಿಕ್‌ಗೆ ಕಾದದ್ದು, ಭಾಗಕ್ಕೆ ಕಾದದ್ದು, ತಪಾಸಣೆಗೆ ಅಥವಾ ಸಹಿಗೆ ಕಾದದ್ದು. 30 ದಿನ ದಾಟಿದವನ್ನು ಮೇಲೆ ಬರೆಯಿರಿ. ಸ್ಟೋರಿನಲ್ಲಿ ಎಷ್ಟು ಕೋಟಿಯ ಸಾಮಾನಿದೆ ಎಂಬ ಅಂಕಿ ಈ ಹಾಳೆಯಲ್ಲಿ ಬೇಡ, ಅದಕ್ಕೆ ಬೇರೆ ವರದಿ ಇದೆ.

ಸರಬರಾಜು ಮಾಡುವ ಘಟಕದವರು ಈ ಹಾಳೆಯನ್ನು ಕಾಣುವುದಿಲ್ಲ, ಆದರೆ ಅದರ ಅರ್ಧ ಸಾಲುಗಳು ಅವರ ಪ್ಯಾಕಿಂಗ್ ಮೇಜಿನ ಮೇಲೆ ತೀರ್ಮಾನವಾಗುತ್ತವೆ. ಕವರಿನ ಮೇಲೆ ಪಾರ್ಟ್ ನಂಬರ್, ಬ್ಯಾಚ್ ನಂಬರ್, ರಬ್ಬರಾದರೆ ತ್ರೈಮಾಸಿಕ, ಒಳಗಿನ ಸಂಖ್ಯೆ ಮತ್ತು ಅಳತೆ ಅಳಿಸದ ಶಾಯಿಯಲ್ಲಿರಲಿ. ಒಂದು ಪೆಟ್ಟಿಗೆಯಲ್ಲಿ ಎರಡು ಬ್ಯಾಚ್ ಬೆರೆಸಬೇಡಿ, ಒಂದರಲ್ಲಿ ದೋಷ ಕಂಡರೆ ಎರಡನ್ನೂ ತಡೆ ಹಿಡಿಯುತ್ತಾರೆ. ಪ್ರಮಾಣಪತ್ರವನ್ನು ಪೆಟ್ಟಿಗೆಯ ಒಳಗೆ ತಳಕ್ಕೆ ಹಾಕಬೇಡಿ, ಹೊರಗೆ ಪ್ಲಾಸ್ಟಿಕ್ ಜೇಬಿನಲ್ಲಿ ಅಂಟಿಸಿ. ಅದು ಸಿಗದೆ ತಪಾಸಣೆಗೆ ನಿಂತ ಪೆಟ್ಟಿಗೆಯ ಒಂದೊಂದು ದಿನವೂ ಆ ಹಾಳೆಯ ಮೂರನೆಯ ಪಾಲಿಗೆ ಸೇರುತ್ತದೆ.